ಹೆಡ್ ಪ್ಯಾಕಿಂಗ್ ಹೋಗಿದೆ ಎನ್ನುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನನ್ನದು 2004ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್, 92 ಸಾವಿರ ಕಿ.ಮೀ. ಓಡಿದೆ. ಜಮಖಂಡಿ ತಾಲೂಕಿನ ನಮ್ಮೂರಿಂದ ದಿನಾಲೂ 40 ಲೀಟರಿನ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗಿಬರುತ್ತೇನೆ. ಎರಡೂ ಕಡೆ ಸೇರಿ 36 ಕಿ.ಮೀ. ಎರಡು ತಿಂಗಳಿಂದ ಇಂಜಿನ್ನಿನ ಮುಂಭಾಗದಲ್ಲಿ, ಕೆಳಗಡೆ ಎಣ್ಣೆ ಜಿನುಗುತ್ತಿದೆ. ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ 200 ಮಿ.ಲೀ. ಎಣ್ಣೆ ಹಾಕುತ್ತಿದ್ದೇನೆ. ಹೊಗೆ ಇಲ್ಲ, ಪಿಕಪ್ ಮಾತ್ರ ಸ್ವಲ್ಪ ಕಡಿಮೆ ಅನಿಸುತ್ತದೆ. ಒಬ್ಬ ಮಿಸ್ತ್ರಿ ‘ಹೆಡ್ ಪ್ಯಾಕಿಂಗ್ ಹೋಗೇತ್ರಿ, ಹಾಫ್ ಇಂಜಿನ್ ಮಾಡಸ್ರಿ’ ಅಂದರು. ಇನ್ನೊಬ್ಬರು ‘ಬಿಚ್ಚಿ ಎರಡೂ ಕಡೆ ಪೇಸ್ಟ್ ಹಚ್ಚಿ ಕೂಡಿಸ್ತೀನಿ, ಸಾಕು’ ಅಂದರು. ಪಕ್ಕದ ಮನೆಯವರು ನಟ್ ಬಿಗಿ ಮಾಡಿ ನೋಡು ಅನ್ನುತ್ತಾರೆ. ಮಳೆಗಾಲದಲ್ಲಿ ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡಿತ್ತು. ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲಿ ಅದೇ ಹೆಡ್ ಗ್ಯಾಸ್ಕೆಟ್ ಹೋದ ಗುರುತು ಎಂದಿದ್ದರು. ಯಾರ ಮಾತು ಕೇಳಲಿ? ಗಾಡಿ ನಿಂತರೆ ಹಾಲು ನಿಲ್ಲುತ್ತದೆ.

ಉತ್ತರ: ನಿಮ್ಮ ಚಿಂತೆ ಎರಡು. ಬೇಡದ ಕೆಲಸಕ್ಕೆ ದುಡ್ಡು ಹೋಗಬಾರದು, ಗಾಡಿ ಹಾಲಿನ ಸಮೇತ ನಡುದಾರಿಯಲ್ಲಿ ಕೈಕೊಡಬಾರದು. ಎರಡಕ್ಕೂ ಒಂದೇ ಕಡೆಯಿಂದ ಶುರು ಮಾಡಬೇಕು. ಹೆಡ್ ಪ್ಯಾಕಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ಎಂದರೆ ಸಿಲಿಂಡರ್ ಬ್ಲಾಕು ಮತ್ತು ಅದರ ತಲೆಯಾದ ಹೆಡ್ಡಿನ ನಡುವಿನ ತೆಳು ಹಾಳೆ. ಸೋರುತ್ತಿರುವುದು ಅದೇ ಎಂದು ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ. ನೀವು ಬರೆದ ಲಕ್ಷಣಗಳಿಗೆ ಅದೂ ಕಾರಣ ಇರಬಹುದು, ಇಪ್ಪತ್ತು ರೂಪಾಯಿಯ ಒಂದು ರಬ್ಬರ್ ರಿಂಗೂ ಇರಬಹುದು. ಅದು ತಿಳಿಯುವವರೆಗೆ ಹಾಫ್ ಇಂಜಿನ್ನಿಗೂ (ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್, ರಿಂಗು ಹಾಕಿಸುವ ಕೆಲಸ) ಒಪ್ಪಬೇಡಿ, ಪೇಸ್ಟಿಗೂ ಒಪ್ಪಬೇಡಿ.

ಮೊದಲು ಆ ಕೆನೆಯ ವಿಷಯ ಮುಗಿಸೋಣ. ಎಣ್ಣೆ ಕೆನೆಗಟ್ಟಿದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನುವುದು ಕಾರು, ಟ್ರ್ಯಾಕ್ಟರಿನ ಮಾತು. ಅಲ್ಲಿ ಹೆಡ್ಡಿನೊಳಗೆ ರೇಡಿಯೇಟರಿನ ನೀರು ಹರಿಯುತ್ತದೆ, ಪ್ಯಾಕಿಂಗ್ ಒಡೆದರೆ ಆ ನೀರು ಎಣ್ಣೆಗೆ ಬೆರೆಯುತ್ತದೆ. ನಿಮ್ಮ ಸ್ಪ್ಲೆಂಡರ್ ತಣ್ಣಗಾಗುವುದು ಗಾಳಿಯಿಂದ. ಹೆಡ್ಡಿನಲ್ಲಿ ನೀರೇ ಇಲ್ಲದ ಮೇಲೆ ಪ್ಯಾಕಿಂಗ್ ಹೋಗಿ ನೀರು ಬೆರೆಯುವ ಪ್ರಶ್ನೆಯೇ ಬರುವುದಿಲ್ಲ. ಮಳೆಗಾಲದ ತೇವದ ಗಾಳಿ ತಣ್ಣನೆಯ ಇಂಜಿನ್ನಿನೊಳಗೆ ಬೆವರಿನಂತೆ ಹನಿಗಟ್ಟುತ್ತದೆ. ಗಾಡಿಯನ್ನು ಬರೀ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಆ ನೀರು ಕಾದು ಆವಿಯಾಗಿ ಹೊರಹೋಗುವುದಿಲ್ಲ, ಮುಚ್ಚಳದಲ್ಲಿ ಕೆನೆಯಾಗಿ ಕೂಡುತ್ತದೆ. ವಾಟರ್ ವಾಶ್ ಮಾಡುವಾಗ ಡಿಪ್‌ಸ್ಟಿಕ್ಕಿನ ಹಳೆಯ ರಬ್ಬರ್ ದಾಟಿ ನೀರು ಒಳಗೆ ಹೋಗಿದ್ದರೂ ಹೀಗೇ ಕಾಣುತ್ತದೆ. ಮುಚ್ಚಳದಲ್ಲಷ್ಟೇ ಇದ್ದರೆ ಒರೆಸಿ ಮರೆತುಬಿಡಿ. ಡಿಪ್‌ಸ್ಟಿಕ್ಕಿನ ತುದಿಯ ಎಣ್ಣೆಯೇ ಚಹಾದ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ಬದಲಿಸಿ, ಆ ರಬ್ಬರನ್ನೂ ಬದಲಿಸಿ.

ಎಣ್ಣೆ ಎಲ್ಲಿಂದ ಬರುತ್ತಿದೆ

ಸ್ಪ್ಲೆಂಡರ್ ಇಂಜಿನ್ನಿನ ಸಿಲಿಂಡರ್ ಹೆಚ್ಚುಕಡಿಮೆ ಮಲಗಿಕೊಂಡಿದೆ. ಬುಲೆಟ್ಟಿನಲ್ಲಿ ಹೆಡ್ ಮೇಲಿರುತ್ತದೆ, ಇಲ್ಲಿ ಮುಂದಿರುತ್ತದೆ. ಕಾರ್ಬುರೇಟರಿನ ವಾಲ್ವ್ ಮೇಲ್ಗಡೆ, ಸೈಲೆನ್ಸರಿನ ವಾಲ್ವ್ ಕೆಳಗಡೆ. ಎರಡೂ ವಾಲ್ವಿಗೆ ಒಂದೊಂದು ದುಂಡನೆಯ ಟಪ್ಪೆಟ್ ಕ್ಯಾಪ್ ಇದೆ, ಪ್ರತಿ ಕ್ಯಾಪಿಗೂ ಒಂದು ರಬ್ಬರ್ ಓ-ರಿಂಗ್. ಕೆಳಗಿನ ಕ್ಯಾಪಿನ ಓ-ರಿಂಗ್ ಹಗಲಿಡೀ ಸೈಲೆನ್ಸರಿನ ಬಿಸಿಗೆ ಬೇಯುತ್ತದೆ, ಯಾವಾಗಲೂ ಎಣ್ಣೆಯಲ್ಲಿ ಮುಳುಗಿರುತ್ತದೆ. ಕೆಲವು ವರ್ಷಕ್ಕೆ ರಬ್ಬರ್ ಹೋಗಿ ಬಳೆಯ ಚೂರಿನಂತೆ ಗಟ್ಟಿಯಾಗುತ್ತದೆ, ಬೆರಳಿನಲ್ಲಿ ಬಾಗಿಸಿದರೆ ಲಟ್ ಎಂದು ಮುರಿಯುತ್ತದೆ. ಅಲ್ಲಿಂದ ಹೊರಟ ಹನಿ ನೇರವಾಗಿ ಬೀಳುವುದು ಸೈಲೆನ್ಸರ್ ಪೈಪಿನ ಮೇಲೆ. ನಿಮ್ಮ ಸುಟ್ಟ ವಾಸನೆಗೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಎಣ್ಣೆ ಕಂಡ ಜಾಗ ಸೋರಿದ ಜಾಗವಲ್ಲ. ಸೋರಿದ ಜಾಗ ಯಾವಾಗಲೂ ಅದಕ್ಕಿಂತ ಮುಂದೆ ಮತ್ತು ಮೇಲೆ ಇರುತ್ತದೆ. ಹೆಡ್ಡಿನ ಎಡಕ್ಕೆ ಟೈಮಿಂಗ್ ಚೈನಿನ ದುಂಡು ಕವರ್ ಇದೆ, ಬಲಕ್ಕೆ ಸಣ್ಣ ಕವರ್ ಇದೆ. ಸಿಲಿಂಡರಿನ ಎಡ ಪಕ್ಕದಲ್ಲಿ ಚೈನ್ ರೋಲರ್ ಹಿಡಿದ ಬೋಲ್ಟ್ ಇದೆ, ಅದರಡಿ ಒಂದು ವಾಷರ್. ಹಿಂದೆ ಬ್ಲಾಕ್ ಕೂತ ಜಾಗದಲ್ಲಿ ಬೇಸ್ ಪ್ಯಾಕಿಂಗ್. ಇವುಗಳಲ್ಲಿ ಯಾವುದು ಒಸರಿದರೂ ಎಣ್ಣೆ ಫಿನ್ನುಗಳ (ಗಾಳಿಗೆ ತಣ್ಣಗಾಗಲು ಇರುವ ಪಟ್ಟಿಗಳು) ಸಂದಿಯಲ್ಲಿ ಹರಡುತ್ತದೆ, ನೋಡಿದವರೆಲ್ಲ ‘ಹೆಡ್ ಪ್ಯಾಕಿಂಗ್’ ಅಂದುಬಿಡುತ್ತಾರೆ.

ಪತ್ತೆ ಹಚ್ಚುವುದು ಹೀಗೆ. ಇಂಜಿನ್ ಪೂರಾ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹೆಡ್, ಬ್ಲಾಕ್, ಫಿನ್ನುಗಳ ಸಂದಿ ಎಲ್ಲ ತೊಳೆಯಿರಿ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಚ್ಚುವುದು ಬೆಂಕಿಗೆ ಆಹ್ವಾನ, ಅದು ಬೇಡವೇ ಬೇಡ. ಸೋಪಿನ ನೀರಿನಿಂದ ಜಿಡ್ಡು ತೆಗೆದು ಬಟ್ಟೆಯಿಂದ ಒರೆಸಿ ಒಂದೆರಡು ತಾಸು ಒಣಗಲು ಬಿಡಿ. ಆಮೇಲೆ ಮಕ್ಕಳ ಟಾಲ್ಕಂ ಪೌಡರನ್ನು ಹೆಡ್ಡು ಬ್ಲಾಕು ಕೂಡುವ ಗೆರೆಯ ಸುತ್ತ, ಎರಡೂ ಕ್ಯಾಪುಗಳ ಸುತ್ತ, ಪಕ್ಕದ ಕವರುಗಳ ಅಂಚಿಗೆ ಉದುರಿಸಿ. ಲೋಡ್ ಇಲ್ಲದೆ ಐದು ಕಿ.ಮೀ. ನಿಧಾನವಾಗಿ ಓಡಿಸಿ, ನೆರಳಿನಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ನೋಡಿ. ಒಸರುವ ಜಾಗದಲ್ಲಿ ಬಿಳಿ ಪೌಡರ್ ಒದ್ದೆಯಾಗಿ ಬೂದು ಬಣ್ಣದ ಸಣ್ಣ ಕೊಳೆಯಾಗಿರುತ್ತದೆ. ಮೊದಲು ಒದ್ದೆಯಾದ ಜಾಗ, ಅಂದರೆ ಎಲ್ಲಕ್ಕಿಂತ ಮುಂದಿನ ಮತ್ತು ಮೇಲಿನ ಜಾಗವೇ ಮೂಲ. ಏನೂ ಕಾಣದಿದ್ದರೆ ಇನ್ನೂ ಐದು ಕಿ.ಮೀ. ಹೋಗಿ ಬನ್ನಿ. ಒಮ್ಮೆಗೇ ಮೂವತ್ತು ಕಿ.ಮೀ. ಓಡಿಸಿದರೆ ಎಲ್ಲ ಕಡೆ ಹರಡಿ ಮತ್ತೆ ಗೊಂದಲವಾಗುತ್ತದೆ.

ಕೆಳಗಿನ ಕ್ಯಾಪೇ ಕಾರಣವಾಗಿದ್ದರೆ ಕೆಲಸ ಹತ್ತು ನಿಮಿಷದ್ದು. ಕೆಳಗೆ ತಟ್ಟೆ ಇಟ್ಟುಕೊಳ್ಳಿ, ಬಿಚ್ಚಿದಾಗ ಒಂದಿಷ್ಟು ಎಣ್ಣೆ ಸುರಿಯುತ್ತದೆ. ಹೊಸ ಓ-ರಿಂಗಿಗೆ ಎಣ್ಣೆ ಸವರಿ ಕೂಡಿಸಿ. ಕ್ಯಾಪ್ ಬಿಗಿ ಮಾಡುವಾಗ ಪಾನಾದ (ಸ್ಪ್ಯಾನರಿನ) ತುದಿ ಹಿಡಿದು ಜಗ್ಗಬೇಡಿ. ಎಣ್ಣೆ ತಡೆಯುವುದು ರಬ್ಬರ್, ನಿಮ್ಮ ತೋಳಿನ ಬಲವಲ್ಲ. ಹೆಡ್ಡಿನ ಅಲ್ಯೂಮಿನಿಯಂ ಆಟೆ (ತಿರುಪಿನ ಗೆರೆ) ಒಮ್ಮೆ ಕೊಯ್ದರೆ ಆಗ ನಿಜವಾದ ಖರ್ಚು ಬರುತ್ತದೆ.

200 ಮಿ.ಲೀ. ಎಲ್ಲಿ ಹೋಯಿತು ಎಂದೂ ಲೆಕ್ಕ ಹಾಕಬೇಕು. ಹದಿನೈದು ದಿನಕ್ಕೆ ನಿಮ್ಮ ಓಟ 540 ಕಿ.ಮೀ. ಇಂಜಿನ್ನಿನಲ್ಲಿ ಇರುವುದೇ ಒಂದು ಲೀಟರಿಗಿಂತ ಕಡಿಮೆ ಎಣ್ಣೆ. ಅದರಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಖಾಲಿಯಾಗುತ್ತಿದೆ. ರಾತ್ರಿ ಗಾಡಿಯಡಿ ಒಂದು ರಟ್ಟು ಹಾಸಿ, ಬೆಳಿಗ್ಗೆ ಹನಿ ಎಣಿಸಿ. ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಮಿ.ಲೀ. ಓಡುವಾಗ ಸೋರಿಕೆ ಇದಕ್ಕಿಂತ ಹೆಚ್ಚಿರುತ್ತದೆ, ಆದರೆ ಅಷ್ಟು ಎಣ್ಣೆ ಹೊರಗೇ ಹೋಗುತ್ತಿದ್ದರೆ ಇಂಜಿನ್ನಿನ ತಳ, ಫುಟ್‌ರೆಸ್ಟು, ಹಿಂದಿನ ಗಾಲಿಯವರೆಗೆ ತೊಯ್ದು ಧೂಳು ಮೆತ್ತಿರಬೇಕು. ತಳ ಬರೀ ತೇವವಾಗಿದ್ದು 200 ಮಿ.ಲೀ. ಮಾಯವಾಗುತ್ತಿದ್ದರೆ ಉಳಿದದ್ದನ್ನು ಇಂಜಿನ್ ಕುಡಿಯುತ್ತಿದೆ. ಹಗಲಿನ ಬಿಸಿಲಿನಲ್ಲಿ ನೀಲಿ ಹೊಗೆ ಕಣ್ಣಿಗೆ ಬೀಳುವುದಿಲ್ಲ. ಸಂಜೆ ಹಿಂದಿನಿಂದ ಬರುವ ಗಾಡಿಯ ಲೈಟಿನಲ್ಲಿ ಯಾರಾದರೂ ನೋಡಲಿ. ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಉಂಡೆ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಎಕ್ಸಿಲೇಟರ್ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗು. ಇದು ಗೊತ್ತಾಗದೆ ಬರೀ ಪ್ಯಾಕಿಂಗ್ ಹಾಕಿಸಿದರೆ ಸೋರಿಕೆ ನಿಂತರೂ ಎಣ್ಣೆ ಇಳಿಯುತ್ತಲೇ ಇರುತ್ತದೆ. ಆಗ ಕೆಲಸ ಮಾಡಿದವರ ಮೇಲೆ ಸುಮ್ಮನೆ ಅಪವಾದ ಬರುತ್ತದೆ.

ಹೆಡ್ ಪ್ಯಾಕಿಂಗೇ ಆಗಿದ್ದರೆ, ಯಾವ ಬಗೆಯ ಸೋರಿಕೆ

ಪೌಡರ್ ಒದ್ದೆಯಾದದ್ದು ಹೆಡ್ಡು ಬ್ಲಾಕಿನ ಗೆರೆಯಲ್ಲೇ ಎಂದಿಟ್ಟುಕೊಳ್ಳೋಣ. ಆ ಒಂದು ಪ್ಯಾಕಿಂಗ್ ಮೂರು ಕೆಲಸ ಮಾಡುತ್ತದೆ. ನಡುವಿನ ಲೋಹದ ಬಳೆ ಉರಿಯುವ ಗ್ಯಾಸನ್ನು ತಡೆಯುತ್ತದೆ. ಎಡಗಡೆ ಟೈಮಿಂಗ್ ಚೈನಿನ ಸುರಂಗದಿಂದ ಹರಿಯುವ ಎಣ್ಣೆಯನ್ನು ತಡೆಯುತ್ತದೆ. ಒಂದು ಸ್ಟಡ್ಡಿನ (ಹೆಡ್ಡು, ಬ್ಲಾಕು ಹಿಡಿಯುವ ಉದ್ದ ಬೋಲ್ಟು) ತೂತಿನ ಸುತ್ತ ಕ್ಯಾಮಿಗೆ (ವಾಲ್ವ್ ತೆರೆಸುವ ದಂಡ) ಏರುವ ಎಣ್ಣೆಯ ದಾರಿಯನ್ನು ಕಾಯುತ್ತದೆ. ಎಣ್ಣೆಯ ಕಡೆ ಮಾತ್ರ ಸೋತಿದ್ದರೆ ಅದು ಕಿರಿಕಿರಿ. ಗ್ಯಾಸಿನ ಬಳೆ ಸೋತಿದ್ದರೆ ಅದು ಗೆದ್ದಲು ಹಿಡಿದಂತೆ. ಪ್ರತಿ ಸ್ಫೋಟಕ್ಕೂ ಸೂಜಿಯಂಥ ಬಿಸಿ ಗ್ಯಾಸು ಅದೇ ಸಂದಿಯಲ್ಲಿ ನುಗ್ಗಿ ಅಲ್ಯೂಮಿನಿಯಂ ಹೆಡ್ಡಿನ ಮುಖವನ್ನು ಕೊರೆಯುತ್ತದೆ. ಕೊರೆದ ಗೆರೆ ಉಗುರಿಗೆ ಸಿಗುವಷ್ಟು ಆಳವಾದ ಮೇಲೆ ಹೊಸ ಪ್ಯಾಕಿಂಗೂ ನಿಲ್ಲದು.

ಇದನ್ನು ಗುರುತಿಸುವುದು ಸುಲಭ. ಎಣ್ಣೆ ಮಾತ್ರ ಬಂದರೆ ಜಾಗ ಜೇನಿನ ಬಣ್ಣದಲ್ಲಿ ಒದ್ದೆಯಾಗಿರುತ್ತದೆ. ಗ್ಯಾಸು ಬಂದರೆ ಫಿನ್ನಿನ ಮೇಲೆ ಒಣ ಕಪ್ಪು ಮಸಿ ಬೀಸಣಿಗೆಯಂತೆ ಹರಡಿರುತ್ತದೆ, ಏರಿನಲ್ಲಿ ‘ಚುಸ್ ಚುಸ್’ ಸದ್ದು ಕೇಳುತ್ತದೆ. ಸೋಪಿನ ನೀರು ಸಿಂಪಡಿಸಿ ಇನ್ನೊಬ್ಬರಿಂದ ಕಿಕ್ ಹೊಡೆಸಿದರೆ ಗುಳ್ಳೆ ಏಳುತ್ತದೆ. ಕಷ್ಟವಾಗುವುದು ಗ್ಯಾಸು ಒಳಗೇ ಚೈನಿನ ಸುರಂಗಕ್ಕೆ ಸೋರಿದಾಗ. ಹೊರಗೆ ಮಸಿಯೂ ಇಲ್ಲ, ಗುಳ್ಳೆಯೂ ಇಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ತುಂಬಿ ಎಲ್ಲ ಸೀಲಿನಿಂದಲೂ ಎಣ್ಣೆ ತಳ್ಳುತ್ತದೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಎಣ್ಣೆ ಕೂಡುತ್ತದೆ. ನಿಮ್ಮ ಪಿಕಪ್ ಕಡಿಮೆಯಾದ ಮಾತಿಗೆ ಇದು ಹೊಂದುವ ಕಾರಣವಾದ್ದರಿಂದ ಪರೀಕ್ಷೆ ಮಾಡಿಸಲೇಬೇಕು.

ಕಂಪ್ರೆಶನ್ ಗೇಜ್ ಇದ್ದವರ ಬಳಿ ಬಿಸಿ ಇಂಜಿನ್ನಿನಲ್ಲಿ, ಎಕ್ಸಿಲೇಟರ್ ಪೂರ್ತಿ ತಿರುವಿ ಕಿಕ್ ಹೊಡೆದು ನೋಡಿ. ಈ ಜಾತಿಯ ಇಂಜಿನ್ ಆರೋಗ್ಯವಾಗಿದ್ದರೆ ಚದರ ಸೆಂ.ಮೀ.ಗೆ 10ರಿಂದ 13 ಕೆ.ಜಿ. ತೋರಿಸುತ್ತದೆ. ಎಂಟರ ಕೆಳಗಿಳಿದರೆ ಎಲ್ಲೋ ಗಾಳಿ ಹೋಗುತ್ತಿದೆ. ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುವ ಹಳೆಯ ಉಪಾಯ ಮಲಗಿದ ಸಿಲಿಂಡರಿನಲ್ಲಿ ಅಷ್ಟು ನಂಬಿಕೆಯದಲ್ಲ. ಎಣ್ಣೆ ಬೋರಿನ (ಪಿಸ್ಟನ್ ಓಡಾಡುವ ಕೊಳವೆ) ತಳಕ್ಕೆ ಇಳಿದು ಕೂಡುತ್ತದೆ, ಮೇಲಿನ ಅರ್ಧ ರಿಂಗು ಒಣಗಿಯೇ ಇರುತ್ತದೆ. ಇದಕ್ಕಿಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಒಳ್ಳೆಯ ಸಾಕ್ಷಿ ಹೇಳುತ್ತದೆ. ಎರಡೂ ವಾಲ್ವ್ ಮುಚ್ಚಿರುವಾಗ ಮ್ಯಾಗ್ನೆಟ್ಟಿನ ಟಿ ಗುರುತಿಗೆ, ಅಂದರೆ ಪಿಸ್ಟನ್ ತುದಿ ಮುಟ್ಟುವ ಜಾಗಕ್ಕೆ ತಂದು, ಗೇರಿಗೆ ಹಾಕಿ, ಹಿಂದಿನ ಬ್ರೇಕ್ ತುಳಿದು ಹಿಡಿಯಿರಿ. ಹಳೆಯ ಪ್ಲಗ್ಗಿನ ಬುಡಕ್ಕೆ ನಿಪ್ಪಲ್ ಬೆಸೆದು ಮಾಡಿದ ಅಡಾಪ್ಟರಿನಿಂದ 40–50 ಪಿಎಸ್‌ಐ ಗಾಳಿ ಬಿಡಿ. ಸೈಲೆನ್ಸರಿನಲ್ಲಿ ಸುಯ್ ಎಂದರೆ ಕೆಳಗಿನ ವಾಲ್ವ್, ಕಾರ್ಬುರೇಟರಿನಲ್ಲಿ ಕೇಳಿದರೆ ಮೇಲಿನ ವಾಲ್ವ್. ಕೂಡುಗೆರೆಯಲ್ಲಿ ಸೋಪು ಗುಳ್ಳೆಯಾದರೆ ಪ್ಯಾಕಿಂಗ್. ಡಿಪ್‌ಸ್ಟಿಕ್ ತೂತಿನಲ್ಲಿ ಜೋರಾಗಿ ಬಂದರೆ ರಿಂಗು, ಇಲ್ಲವೇ ಸುರಂಗದ ಕಡೆ ಸೋತ ಪ್ಯಾಕಿಂಗ್. ಅಲ್ಪ ಸ್ವಲ್ಪ ಗಾಳಿ ರಿಂಗಿನಿಂದ ಎಲ್ಲ ಇಂಜಿನ್ನಿನಲ್ಲೂ ಹೋಗುತ್ತದೆ, ಅದಕ್ಕೆ ಹೆದರಬೇಡಿ.

ಪ್ಯಾಕಿಂಗ್ ತಾನಾಗಿ ಹೋಗುವುದು ಅಪರೂಪ

ಇದನ್ನು ಒತ್ತಿ ಹೇಳಬೇಕು. ಪ್ಯಾಕಿಂಗ್ ಎಂದರೆ ಎರಡು ಮುಖಗಳ ನಡುವೆ ಒತ್ತಿ ಹಿಡಿದ ತೆಳು ಹಾಳೆ. ಅದು ಸೋತಿತೆಂದರೆ ಒತ್ತಡ ಕಡಿಮೆಯಾಗಿರಬೇಕು, ಮುಖ ಸೊಟ್ಟಗಾಗಿರಬೇಕು, ಇಲ್ಲವೇ ಶಾಖ ಮಿತಿಮೀರಿರಬೇಕು. ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ನಿಮ್ಮ ಗಾಡಿಗೆ ಶಾಖದ ಕಾರಣಗಳು ಬೇಕಾದಷ್ಟಿವೆ. ಎರಡು ತುಂಬಿದ ಕ್ಯಾನಿನ ಭಾರ ನೂರು ಕೆ.ಜಿ. ಸಮೀಪ, ಮೇಲೆ ನೀವು. 97.2 ಸಿಸಿಯ ಇಂಜಿನ್ನಿಗೆ ಇದು ದೊಡ್ಡ ಹೊರೆ. ಹೊಲದ ದಾರಿಯಲ್ಲಿ ಎರಡನೆಯ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಇಂಜಿನ್ ಹೆಚ್ಚು ದುಡಿಯುತ್ತದೆ, ಗಾಳಿ ಮಾತ್ರ ಕಡಿಮೆ ಬಡಿಯುತ್ತದೆ. ಏಪ್ರಿಲ್, ಮೇನಲ್ಲಿ ಬಾಗಲಕೋಟೆ, ವಿಜಯಪುರದ ಕಡೆ ಹೊರಗಿನ ಗಾಳಿಯೇ 40 ಡಿಗ್ರಿ. ಅದರ ಮೇಲೆ ಎರೆಮಣ್ಣಿನ ರಾಡಿ. ಮುಂದಿನ ಗಾಲಿ ಚಿಮ್ಮಿಸಿದ ಎರೆ ಹೆಡ್ಡಿನ ಫಿನ್ನುಗಳ ಸಂದಿಯಲ್ಲಿ ಕೂತು ಒಣಗಿದರೆ ಇಟ್ಟಿಗೆಯಾಗುತ್ತದೆ. ಹಾಲು ಚೆಲ್ಲಿ ಅದರ ಮೇಲೆ ಧೂಳು ಕೂತರೂ ಅಷ್ಟೇ. ಗಾಳಿ ಆಡಬೇಕಾದ ಸಂದಿಗಳೆಲ್ಲ ಮುಚ್ಚಿ ಇಂಜಿನ್ನಿಗೆ ಕಂಬಳಿ ಹೊದಿಸಿದಂತೆ. ಹದಿನೈದು ದಿನಕ್ಕೊಮ್ಮೆ, ಇಂಜಿನ್ ತಣ್ಣಗಿದ್ದಾಗ, ಬಿದಿರಿನ ಕಡ್ಡಿಯಿಂದ ಆ ಸಂದಿ ಬಿಡಿಸಿ. ಹೊಲದಿಂದ ಬಂದ ಕೂಡಲೇ ಕಾದ ಇಂಜಿನ್ನಿಗೆ ನೀರು ಹೊಡೆಯಬೇಡಿ, ಒಂದು ಕಡೆ ತಣ್ಣಗೆ ಒಂದು ಕಡೆ ಬಿಸಿಯಾದ ಹೆಡ್ಡು ಸೊಟ್ಟಗಾಗಲು ಅದು ಸಾಕು.

ಎಣ್ಣೆಯ ಮಟ್ಟ ಇಳಿದರೂ ಶಾಖ ಏರುತ್ತದೆ, ಏಕೆಂದರೆ ಹೆಡ್ಡಿನ ಬಿಸಿಯನ್ನು ಹೊತ್ತು ಕೆಳಗೆ ತರುವುದು ಎಣ್ಣೆಯೇ. ಕಾರ್ಬುರೇಟರಿನ ಮ್ಯಾನಿಫೋಲ್ಡಿನ ಓ-ರಿಂಗ್ ಹೋಗಿ ಹೊರಗಾಳಿ ಸೇರುತ್ತಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಹೆಡ್ಡು ಕಾಯುತ್ತದೆ. ಹಾಗೆಯೇ ಬ್ರೀದರ್ ಪೈಪು ನುಲಿದಿದೆಯೇ, ಕೆಸರು ಕಟ್ಟಿದೆಯೇ ನೋಡಿ. ಇಂಜಿನ್ನಿನ ಉಸಿರು ಕಟ್ಟಿದರೆ ಒಳಗಿನ ಒತ್ತಡ ಎಣ್ಣೆಯನ್ನು ಎಲ್ಲ ಸಂದಿಯಿಂದಲೂ ಹೊರದೂಡುತ್ತದೆ. ಪೈಪು ಊದಿ ಸ್ವಚ್ಛ ಮಾಡಿದ ಮೇಲೆ ಒಸರುವುದೇ ನಿಂತ ಗಾಡಿಗಳಿವೆ.

ನಿಮ್ಮ ಮುಂದಿರುವ ದಾರಿಗಳು

ಬರೀ ಎಣ್ಣೆ ಒಸರುತ್ತಿದ್ದು ಮಸಿ, ಸದ್ದು, ಬಲಹೀನತೆ ಇಲ್ಲದಿದ್ದರೆ ಒಂದೆರಡು ತಿಂಗಳು ಹೀಗೇ ಓಡಿಸಬಹುದು. ಷರತ್ತು ಎರಡು. ಎರಡು ದಿನಕ್ಕೊಮ್ಮೆ ಎಣ್ಣೆ ಅಳೆಯಬೇಕು. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ಕೆಲವು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ ಎರಡು ಮೂರು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ, ತಿರುವದೆ ಬರೀ ಇಟ್ಟು ತೆಗೆದು ನೋಡಿ. ತಿರುವಿ ಕೂಡಿಸಿ ಅಳೆದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡನೆಯದು, ಹೊರಡುವ ಮುನ್ನ ಹಿಂದಿನ ಟೈರಿಗೆ ಎಣ್ಣೆ ತಾಗಿದೆಯೇ ಎಂದು ಕೈಯಾಡಿಸಿ ನೋಡಿ. ನೂರು ಕೆ.ಜಿ. ಹಾಲು ಹೊತ್ತು ತಿರುವಿನಲ್ಲಿ ಜಾರುವುದು ಪ್ಯಾಕಿಂಗಿನ ಖರ್ಚಿಗಿಂತ ಬಹಳ ದುಬಾರಿ. ಎಣ್ಣೆ ಸೋರದಿರಲಿ ಎಂದು 20ಡಬ್ಲ್ಯು50 ದಪ್ಪ ಎಣ್ಣೆ ಹಾಕಬೇಡಿ. ಈ ಇಂಜಿನ್ನಿಗೆ ಹೇಳಿರುವುದು 10ಡಬ್ಲ್ಯು30. ದಪ್ಪ ಎಣ್ಣೆ ಬೆಳಗಿನ ತಂಪಿನಲ್ಲಿ ಕ್ಯಾಮಿಗೆ ಏರಲು ತಡಮಾಡುತ್ತದೆ, ಸೋರುವುದನ್ನೂ ನಿಲ್ಲಿಸುವುದಿಲ್ಲ.

ಗ್ಯಾಸು ಸೋರುತ್ತಿದೆ ಎಂದು ಖಚಿತವಾದರೆ ಮುಂದೂಡಬೇಡಿ. ಒಂದು ವಾರದ ಓಟವೂ ಹೆಡ್ಡನ್ನು ತಿನ್ನುತ್ತದೆ.

ನಟ್ ಬಿಗಿ ಮಾಡುವ ಸಲಹೆಯಲ್ಲಿ ಅರ್ಧ ಸತ್ಯವಿದೆ. ತಣ್ಣನೆಯ ಇಂಜಿನ್ನಿನಲ್ಲಿ ಟಾರ್ಕ್ ರೆಂಚ್ ಇಟ್ಟು, ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ನಿಮ್ಮ ಮಾಡೆಲ್ಲಿಗೆ ಕೊಟ್ಟ ಅಳತೆಗೆ ನೋಡಿದಾಗ ಯಾವುದಾದರೂ ನಟ್ ಸಡಿಲವಿದ್ದರೆ ಅಳತೆಗೆ ತಂದು, ತೊಳೆದು, ಮತ್ತೆ ಪೌಡರ್ ಹಾಕಿ ನೋಡಬಹುದು. ಆದರೆ ಪಾನಾಕ್ಕೆ ಪೈಪು ಸಿಕ್ಕಿಸಿ ‘ಇನ್ನೊಂದು ಕಾಲು ಸುತ್ತು’ ಎಳೆಯುವುದು ಅನಾಹುತ. ಹೆಡ್ಡಿನ ನಾಲ್ಕು ಸ್ಟಡ್ಡುಗಳು ಬ್ಲಾಕನ್ನು ತೂರಿ ಇಂಜಿನ್ ಕೇಸಿನ ಅಲ್ಯೂಮಿನಿಯಮ್ಮಿನಲ್ಲಿ ಹೂತಿವೆ. ಆ ಆಟೆ ಕಿತ್ತು ಬಂದರೆ ಹೆಲಿಕಾಯಿಲ್ (ತಂತಿ ಸುರುಳಿಯ ಹೊಸ ಆಟೆ) ಹಾಕಿಸಬೇಕು. ಬಲ ಎಷ್ಟಿರಬೇಕು ಎಂಬ ಅಂದಾಜಿಗೆ ಹೇಳುತ್ತೇನೆ: ಹೋಂಡಾ ಇಂಜಿನ್ನುಗಳಲ್ಲಿ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯ ಬಿಗಿ 10 ನ್ಯೂಟನ್ ಮೀಟರ್. ಅಂದರೆ 20 ಸೆಂ.ಮೀ. ಉದ್ದದ ಪಾನಾದ ತುದಿಗೆ ಐದು ಕೆ.ಜಿ. ತೂಗುಹಾಕಿದಷ್ಟು. ಕೈ ಅಂದಾಜಿನವರು ಬಹಳ ಸಲ ಇದರ ಎರಡು ಪಟ್ಟು ಎಳೆದಿರುತ್ತಾರೆ.

ಪೇಸ್ಟಿನ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುತ್ತದೆ. ಸಿಲಿಕಾನ್ ಪೇಸ್ಟ್ ಅದರ ಜಾಗದಲ್ಲಿ ಒಳ್ಳೆಯ ವಸ್ತು. ಹೆಡ್ ಪ್ಯಾಕಿಂಗ್ ಅದರ ಜಾಗವಲ್ಲ. ಉರಿಯುವ ಗ್ಯಾಸಿನೆದುರು ಅದು ನಿಲ್ಲುವುದಿಲ್ಲ. ಒತ್ತಿದಾಗ ಒಳಕ್ಕೆ ಉಬ್ಬಿದ ಪೇಸ್ಟು ಹುಳದಂತೆ ಕಳಚಿ ಎಣ್ಣೆಯ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಸಿಗದ ಕ್ಯಾಮು, ರಾಕರು ಒಣಗಿ ತೇಯುತ್ತವೆ, ಮೊದಲು ಟಿಕ್ ಟಿಕ್, ಆಮೇಲೆ ಕಿರುಚು. ಒಂದು ಪ್ಯಾಕಿಂಗ್ ಉಳಿಸಲು ಹೋಗಿ ಇಡೀ ಹೆಡ್ಡು ಕಳೆದುಕೊಂಡಂತೆ. ತಯಾರಕರು ಹೇಳದ ಹೊರತು ಹೆಡ್ ಪ್ಯಾಕಿಂಗ್ ಒಣಗಿಯೇ ಕೂಡಬೇಕು.

ಒಂದರ ಮೇಲೊಂದು ಎರಡು ಪ್ಯಾಕಿಂಗ್ ಹಾಕುವವರೂ ಇದ್ದಾರೆ. 9ಕ್ಕೆ 1 ಕಂಪ್ರೆಶನ್ನಿನ, ಅಂದರೆ ಗಾಳಿ ಪೆಟ್ರೋಲಿನ ಮಿಶ್ರಣವನ್ನು ಒಂಬತ್ತನೆಯ ಒಂದು ಭಾಗಕ್ಕೆ ಒತ್ತುವ ಈ ಇಂಜಿನ್ನಿನಲ್ಲಿ ಹೆಡ್ಡಿನೊಳಗಿನ ಜಾಗ ಸುಮಾರು 12.15 ಸಿಸಿ. ಬರೀ 0.3 ಮಿ.ಮೀ. ದಪ್ಪ ಹೆಚ್ಚಾದರೂ 50 ಮಿ.ಮೀ. ಬೋರಿನ ಮೇಲೆ 0.6 ಸಿಸಿ ಜಾಗ ಸೇರಿ ಕಂಪ್ರೆಶನ್ 8.6ಕ್ಕೆ ಇಳಿಯುತ್ತದೆ. ಪಿಕಪ್ಪೂ ಹೋಯಿತು, ಸೋರುವ ಸಂದಿ ಒಂದರ ಬದಲು ಎರಡಾಯಿತು.

ಹಾಫ್ ಇಂಜಿನ್ ಸಲಹೆ ಪೂರಾ ತಪ್ಪೇನಲ್ಲ. 92 ಸಾವಿರ ಕಿ.ಮೀ.ಗೆ ಬೋರು ತೇಯ್ದಿರಬಹುದು. ಆದರೆ ಬಿಚ್ಚುವ ಮೊದಲೇ ತೀರ್ಮಾನ ಮಾಡುವುದು ತಪ್ಪು. ಹೆಡ್ಡು, ಬ್ಲಾಕು ಬಿಚ್ಚಿದ ಮೇಲೆ ರಿಂಗನ್ನು ಬೋರಿನೊಳಗೆ ಇಟ್ಟು ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಅದರ ಬಾಯಿಯ ಸಂದು ಫೀಲರಿನಲ್ಲಿ (ಸಂದು ಅಳೆಯುವ ತೆಳು ಉಕ್ಕಿನ ಎಲೆ) ಅಳೆಯಲು ಹೇಳಿ. ಅರ್ಧ ಮಿ.ಮೀ. ದಾಟಿದ್ದರೆ ರಿಂಗು ಮುಗಿದಿದೆ. ಬೋರೇ 0.1 ಮಿ.ಮೀ. ತೇಯ್ದಿದ್ದರೆ ಮುಂದಿನ ಸೈಜಿಗೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕುವುದು ಸರಿ. ಎರಡೂ ಸರಿ ಇದ್ದರೆ ಹೆಡ್ಡಿನ ಕೆಲಸ ಮಾಡಿಸಿ ಮನೆಗೆ ಬನ್ನಿ.

ಕೆಲಸ ನಡೆಯುವಾಗ ನೀವು ಪಕ್ಕದಲ್ಲಿರಿ

ಬಿಚ್ಚುವ ಮುನ್ನವೇ ಸಾಮಾನು ತಂದಿಟ್ಟುಕೊಳ್ಳಿ: ಪೂರ್ತಿ ಪ್ಯಾಕಿಂಗ್ ಸೆಟ್, ಟಪ್ಪೆಟ್ ಕ್ಯಾಪಿನ ಎರಡು ಓ-ರಿಂಗ್, ವಾಲ್ವ್ ಸೀಲುಗಳು, ಹೆಡ್ ನಟ್ಟಿನ ತಾಮ್ರದ ವಾಷರ್, ಸೈಲೆನ್ಸರ್ ರಿಂಗ್, 900 ಮಿ.ಲೀ. ಎಣ್ಣೆ. ಹೆಡ್ ಪ್ಯಾಕಿಂಗ್ ಒಂದನ್ನೇ ತರುವುದು ಉಳಿತಾಯವಲ್ಲ. ಹೆಡ್ಡನ್ನೂ ಬ್ಲಾಕನ್ನೂ ಹಿಡಿದಿರುವುದು ಅದೇ ನಾಲ್ಕು ನಟ್ಟು. ಅವು ಸಡಿಲಾದ ಕ್ಷಣ ಬ್ಲಾಕಿನ ಬುಡದ ಹಳೆಯ ಪ್ಯಾಕಿಂಗೂ ಸಡಿಲಾಗುತ್ತದೆ, ಮತ್ತೆ ಬಿಗಿದಾಗ ಅದು ಮೊದಲಿನಂತೆ ಕೂಡುವ ಭರವಸೆ ಇಲ್ಲ. ಇಂಜಿನ್ ಇಳಿಸಿ ಬೆಂಚಿನ ಮೇಲೆ ಇಟ್ಟು ಮಾಡುವ ಕೆಲಸ ಸ್ವಚ್ಛವಾಗಿರುತ್ತದೆ, ಅದಕ್ಕೆ ಬೇಸರಪಡಬೇಡಿ.

ಇಂಜಿನ್ ತಣ್ಣಗಿರಬೇಕು. ಮೊದಲು ಎಡ ಪಕ್ಕದ ಸಣ್ಣ ಬೋಲ್ಟ್, ಆಮೇಲೆ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸಬೇಕು. ಯಾವ ನಟ್ಟಿನಡಿ ಯಾವ ವಾಷರ್ ಇತ್ತು ಎಂದು ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು ಅಲ್ಲಲ್ಲೇ ಸಿಕ್ಕಿಸಿಡಿ. ಎಣ್ಣೆ ಏರುವ ಸ್ಟಡ್ಡಿನ ಮೇಲೆ ತಾಮ್ರದ ವಾಷರ್ ಮತ್ತು ಮುಚ್ಚಿದ ನಟ್ಟು ಇರಲೇಬೇಕು, ಅದಲುಬದಲಾದರೆ ನಟ್ಟಿನ ತಲೆಯಿಂದಲೇ ಎಣ್ಣೆ ಬರುತ್ತದೆ.

ಹಳೆಯ ಪ್ಯಾಕಿಂಗ್ ಕೆರೆಯುವ ಮೊದಲು ಎಣ್ಣೆಯಿಂದ ನೆನೆಸಿ. ಹಳೆಯ ಕಾಲದ ಪ್ಯಾಕಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಒಣ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಮರದ ಚಕ್ಕೆ ಅಥವಾ ಹಿತ್ತಾಳೆಯ ತುಂಡಿನಿಂದ ಕೆರೆಯಲಿ. ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕಿ ಉಜ್ಜಲು ಬಿಡಬೇಡಿ, ಮುಖದಲ್ಲಿ ಗುಂಡಿ ಬೀಳುತ್ತದೆ, ಎಮರಿಯ ಪುಡಿ ಬೇರಿಂಗಿಗೆ ಸೇರುತ್ತದೆ. ಆಮೇಲೆ ಸ್ಟೀಲಿನ ನೇರ ಪಟ್ಟಿಯನ್ನು ಹೆಡ್ಡಿನ ಮುಖದ ಮೇಲೆ ಉದ್ದ, ಅಡ್ಡ, ಎರಡೂ ಮೂಲೆಗೆ ಇಟ್ಟು ಫೀಲರ್ ತೂರಿಸಿ. 0.05 ಮಿ.ಮೀ. ಎಲೆ ಹೋದರೆ ಮುಖ ಸೊಟ್ಟಗಿದೆ. 8 ಮಿ.ಮೀ. ದಪ್ಪದ ಗಾಜಿನ ಮೇಲೆ 400ರ ನೀರೆಮರಿ ಹಾಸಿ, ಹೆಡ್ಡಿನ ಮುಖಕ್ಕೆ ಮಾರ್ಕರಿನಿಂದ ಗೀಟು ಎಳೆದು, ಎಂಟರ ಆಕಾರದಲ್ಲಿ ಹತ್ತು ಸಲ ಉಜ್ಜಿ ನೋಡಿ. ಗೀಟು ಉಳಿದ ಕಡೆ ತಗ್ಗು. ಎಲ್ಲ ಗೀಟು ಅಳಿಸುವವರೆಗೆ ಉಜ್ಜಿ 600ರಲ್ಲಿ ಮುಗಿಸಿದರೆ ಸಣ್ಣ ಸೊಟ್ಟ ಸರಿಯಾಗುತ್ತದೆ. 0.1 ಮಿ.ಮೀ. ದಾಟಿದ್ದರೆ, ಅಥವಾ ಗ್ಯಾಸು ಕೊರೆದ ಗೆರೆ ಉಗುರಿಗೆ ಸಿಕ್ಕರೆ ಮಶೀನಿನಲ್ಲಿ ಫೇಸಿಂಗ್ ಮಾಡಿಸಬೇಕು. ಎಂಥ ಹೆಡ್ಡಾದರೂ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಒಯ್ಯುವಷ್ಟೇ ಭಾರ. ಹತ್ತಿರದಲ್ಲಿ ನಂಬಿಕೆಯ ಬೋರಿಂಗ್ ಅಂಗಡಿ ಇಲ್ಲದಿದ್ದರೆ ಫೌಂಡ್ರಿ, ಮಶೀನ್ ಶಾಪುಗಳ ಊರಾದ ಬೆಳಗಾವಿಯ ಉದ್ಯಮಬಾಗ ಇದೆ. ‘ಮುಖ ಸ್ವಚ್ಛವಾಗುವಷ್ಟೇ ತೆಗೆಯಿರಿ’ ಎಂದು ಹೇಳಿ. 0.2 ಮಿ.ಮೀ. ತೆಗೆದರೆ ಕಂಪ್ರೆಶನ್ 9.3ರ ಸಮೀಪ ಏರುತ್ತದೆ, ಅಷ್ಟಕ್ಕೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಟೈಮಿಂಗೂ ಹಿಂದೆ ಬೀಳುತ್ತದೆ.

ಹೆಡ್ಡು ಕೈಯಲ್ಲಿರುವಾಗಲೇ ಕಾರ್ಬುರೇಟರ್, ಸೈಲೆನ್ಸರ್ ಕೂಡುವ ಎರಡೂ ದಾರಿಗೆ ಸೀಮೆಎಣ್ಣೆ ಸುರಿದು ಐದು ನಿಮಿಷ ಬಿಡಿ. ವಾಲ್ವಿನ ಅಂಚಿನಲ್ಲಿ ಹನಿ ಮೂಡಿದರೆ ಗ್ರೈಂಡಿಂಗ್ ಬೇಕು. ನಿಮ್ಮ ಪಿಕಪ್ಪಿನ ಉತ್ತರ ಇಲ್ಲಿಯೂ ಸಿಗಬಹುದು.

ಕೂಡಿಸುವಾಗ ಹೊಸ ಪ್ಯಾಕಿಂಗನ್ನು ಹೆಡ್ಡಿಗೂ ಬ್ಲಾಕಿಗೂ ಹಿಡಿದು ಎಣ್ಣೆಯ ತೂತು ಪೂರಾ ತೆರೆದಿದೆಯೇ ಎಂದು ಕಣ್ಣಾರೆ ನೋಡಿ. ಲೊಕೇಟಿಂಗ್ ಪಿನ್ನುಗಳು, ಎಣ್ಣೆ ದಾರಿಯ ರಬ್ಬರ್ ರಿಂಗು ಮರೆಯಬಾರದು. ನಟ್ಟುಗಳನ್ನು ಎದುರುಬದುರಾಗಿ ಮೂರು ಹಂತದಲ್ಲಿ ಅಳತೆಗೆ ತಂದು, ಪಕ್ಕದ ಬೋಲ್ಟನ್ನು ಕೊನೆಗೆ ಬಿಗಿಯಬೇಕು. ಮ್ಯಾಗ್ನೆಟ್ಟಿನ ಟಿ ಗುರುತು ಮತ್ತು ಕ್ಯಾಮ್ ಸ್ಪ್ರಾಕೆಟ್ಟಿನ ದುಂಡು ಗುರುತು ತಮ್ಮ ಜಾಗಕ್ಕೆ ಬಂದ ಮೇಲೆ, ಕಿಕ್ ಹೊಡೆಯುವ ಮುನ್ನ ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಲಿ. ಎಲ್ಲಾದರೂ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಬೇಕು. ಟಪ್ಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಜಾಗ) ಇಂಜಿನ್ ತಣ್ಣಗಿದ್ದಾಗಲೇ ಇಡಬೇಕು.

ಚಾಲೂ ಮಾಡಿ ಒಂದೆರಡು ನಿಮಿಷ ಬಿಟ್ಟು, ಬಂದ್ ಮಾಡಿ, ಮೇಲಿನ ಟಪ್ಪೆಟ್ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿ. ಹೊಸ ಎಣ್ಣೆ ಹತ್ತಿದರೆ ದಾರಿ ಸ್ವಚ್ಛ. ಒಣಗಿದ್ದರೆ ಮತ್ತೆ ಚಾಲೂ ಮಾಡಬೇಡಿ, ಬಿಚ್ಚಿಸಿ. ಎಣ್ಣೆ ಬಂದಿದ್ದರೆ ಹತ್ತು ನಿಮಿಷ ಓಡಿಸಿ ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಬೆಳಿಗ್ಗೆ ಟಪ್ಪೆಟ್ ಸಂದು ಇನ್ನೊಮ್ಮೆ ನೋಡಿಸಿ. ಪ್ಯಾಕಿಂಗ್ ಕೂತು ಚೂರು ಒತ್ತಿಕೊಂಡಿರುತ್ತದೆ.

ಫೇಸಿಂಗ್ ಸೇರಿ ಎಲ್ಲಕ್ಕೂ ಎರಡು ಮೂರು ದಿನ ಬೇಕು. ಅಷ್ಟು ದಿನಕ್ಕೆ ಹಾಲು ಒಯ್ಯಲು ಬೇರೆ ಗಾಡಿ ಗೊತ್ತುಮಾಡಿಕೊಂಡೇ ಕೆಲಸಕ್ಕೆ ಕೊಡಿ. ‘ಸಂಜೆಗೆ ಬೇಕು’ ಎಂದು ಅವಸರ ಮಾಡಿದರೆ ಮುಖ ಅಳೆಯುವ ಕೆಲಸವೇ ತಪ್ಪಿಹೋಗುತ್ತದೆ. ವಾಪಸ್ ಬಂದ ಮೇಲೆ ಮೊದಲ 500 ಕಿ.ಮೀ. ಎರಡು ಕ್ಯಾನ್ ಒಮ್ಮೆಗೇ ಹೇರದೆ ಎರಡು ಸಲ ಹೋಗಿಬರಲು ಸಾಧ್ಯವಾದರೆ ಹಾಗೆ ಮಾಡಿ. ಆದರೆ ಇದೆಲ್ಲ ಆಮೇಲಿನ ಮಾತು. ಈ ವಾರ ನೀವು ಮಾಡಬೇಕಾದದ್ದು ತೊಳೆಯುವುದು, ಪೌಡರ್ ಹಾಕುವುದು, ಕೆಳಗಿನ ಟಪ್ಪೆಟ್ ಕ್ಯಾಪಿನ ಓ-ರಿಂಗ್ ಬದಲಿಸುವುದು, ಬ್ರೀದರ್ ಪೈಪು ಊದುವುದು. ಆಮೇಲೂ ಕೂಡುಗೆರೆಯಲ್ಲಿ ಪೌಡರ್ ಒದ್ದೆಯಾದರೆ, ಇಲ್ಲವೇ ಕಂಪ್ರೆಸರಿನ ಪರೀಕ್ಷೆ ಹೆಡ್ಡಿನ ಕಡೆ ಬೆರಳು ತೋರಿಸಿದರೆ ಮಾತ್ರ ಹೆಡ್ಡಿಗೆ ಪಾನಾ ಹಚ್ಚಿಸಿ.